ಮಿತ್ರನ ಕೈ ತಡೆಯುವ ಮಿತ್ರರು ಬೇಕಾಗಿದ್ದಾರೆ

2002ರ ಮೇ 31ರಂದು ಅಮೆರಿಕದ ವಿದೇಶಾಂಗ ಇಲಾಖೆಯು ಭಾರತದಲ್ಲಿದ್ದ ತನ್ನ ಪ್ರಜೆಗಳಿಗೆ ಒಂದು ಸೂಚನೆಯನ್ನು ಹೊರಡಿಸಿತು. ಭಾರತ ಮತ್ತು ಪಾಕಿಸ್ತಾನಗಳ ನಡುವೆ ಯುದ್ಧದ ಅಪಾಯವಿದೆ, ಆದ್ದರಿಂದ ದೇಶವನ್ನು ಬಿಟ್ಟು ಹೊರಡುವುದು ಒಳಿತು ಎಂಬುದು ಅದರ ಸಾರಾಂಶವಾಗಿತ್ತು. ಬ್ರಿಟನ್ ಕೂಡ ತನ್ನವರಿಗೆ ಇದೇ ಬಗೆಯ ಸಲಹೆ ನೀಡಿತು. ಆಗ ಸುಮಾರು 60 ಸಾವಿರ ಅಮೆರಿಕನ್ನರು ನಮ್ಮ ದೇಶದಲ್ಲಿದ್ದರು. ಗಡಿಯಿಂದ ಬಹುದೂರವಿರುವ ಬೆಂಗಳೂರಿನಲ್ಲಿ ಅಂದು ಸೈರನ್ ಮೊಳಗಲಿಲ್ಲ, ದೀಪಗಳನ್ನು ಆರಿಸಬೇಕಾಗಲಿಲ್ಲ. ಆದರೆ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳೊಳಗೆ ಆ ಸೂಚನೆಯು ಬಾಂಬಿನಂತೆಯೇ ಬಂದು ಬಿತ್ತು.

ಅದಕ್ಕೆ ಕಾರಣವಿತ್ತು. ಜನರಲ್ ಎಲೆಕ್ಟ್ರಿಕ್ ಕಂಪೆನಿಯು ವೈಟ್‌ಫೀಲ್ಡಿನಲ್ಲಿ ತನ್ನ ಬೃಹತ್ ಸಂಶೋಧನಾ ಕೇಂದ್ರವನ್ನು 2000ದಲ್ಲಷ್ಟೇ ತೆರೆದಿತ್ತು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ರೂಪಿಸಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇನ್ಫೋಸಿಸ್, ವಿಪ್ರೋ ಮುಂತಾದ ಸಂಸ್ಥೆಗಳು ಬೆಳೆದು ನಿಂತಿದ್ದವು. ಅಮೆರಿಕದ ಬ್ಯಾಂಕುಗಳ ಲೆಕ್ಕಪತ್ರ, ವಿಮಾ ಕಂಪೆನಿಗಳ ಕಡತ, ಕಾರ್ಖಾನೆಗಳ ವಿನ್ಯಾಸ ಇಲ್ಲಿ ಹಗಲುರಾತ್ರಿ ಸಿದ್ಧವಾಗುತ್ತಿದ್ದವು. ಹಡಗಿನಲ್ಲಿ ಹೋಗುವ ಸರಕು ವಾರ ತಡವಾದರೂ ನಡೆದೀತು, ಕಂಪ್ಯೂಟರಿನಲ್ಲಿ ಹೋಗುವ ಲೆಕ್ಕ ಒಂದು ದಿನ ತಡವಾದರೂ ಅಲ್ಲಿಯ ವ್ಯವಹಾರ ನಿಂತುಹೋಗುತ್ತದೆ. ಯುದ್ಧವಾದರೆ ನಮ್ಮ ಕೆಲಸದ ಗತಿಯೇನು ಎಂದು ಗಿರಾಕಿಗಳು ಕೇಳತೊಡಗಿದ್ದು ಇದರಿಂದಲೇ.

ಆ ದಿನಗಳ ಹಿನ್ನೆಲೆಯನ್ನು ನೆನಪಿಸಿಕೊಳ್ಳುವುದು ಅಗತ್ಯ. 2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆ ಭಯೋತ್ಪಾದಕ ದಾಳಿ ನಡೆಯಿತು. ಕೆಲವೇ ದಿನಗಳಲ್ಲಿ ‘ಆಪರೇಷನ್ ಪರಾಕ್ರಮ್’ ಹೆಸರಿನಲ್ಲಿ ಭಾರತದ ಸೇನೆ ಗಡಿಗೆ ಚಲಿಸಿತು. ಪಾಕಿಸ್ತಾನವೂ ತನ್ನ ಪಡೆಗಳನ್ನು ಎದುರಿಗೆ ತಂದು ನಿಲ್ಲಿಸಿತು. 1998ರಲ್ಲಿ ಪರಮಾಣು ಪರೀಕ್ಷೆ ನಡೆಸಿದ್ದ ಎರಡು ದೇಶಗಳ ಲಕ್ಷಾಂತರ ಸೈನಿಕರು ತಿಂಗಳುಗಟ್ಟಲೆ ಮುಖಾಮುಖಿಯಾಗಿ ನಿಂತರು. 2002ರ ಮೇ 14ರಂದು ಜಮ್ಮು ಸಮೀಪದ ಕಾಲೂಚಕ್‌ನಲ್ಲಿ ಸೈನಿಕರ ಪತ್ನಿಯರು ಮತ್ತು ಮಕ್ಕಳೂ ಸೇರಿದಂತೆ ಮೂವತ್ತಕ್ಕೂ ಹೆಚ್ಚು ಮಂದಿ ಭಯೋತ್ಪಾದಕರ ಗುಂಡಿಗೆ ಬಲಿಯಾದರು. ದೇಶದ ಸಿಟ್ಟು ನ್ಯಾಯವಾದುದೇ ಆಗಿತ್ತು. ಮೇ 22ರಂದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರು ಕುಪ್ವಾರದಲ್ಲಿ ಸೈನಿಕರನ್ನುದ್ದೇಶಿಸಿ ನಿರ್ಣಾಯಕ ಹೋರಾಟದ ಮಾತನ್ನಾಡಿದರು. ಭೂಸೇನೆಯು ಗಡಿಯನ್ನು ದಾಟುವುದೇ ಇಲ್ಲವೇ ಎಂಬ ಪ್ರಶ್ನೆಯಷ್ಟೇ ಉಳಿದಂತಿತ್ತು.

ಆದರೆ ಸೇನೆಯು ಗಡಿ ದಾಟಲಿಲ್ಲ. ಏಕೆ ದಾಟಲಿಲ್ಲ ಎಂಬುದನ್ನು ಅರಿತರೆ, 2024ರಲ್ಲಿ ರಫಾದಲ್ಲಿ ಏಕೆ ದಾಟಿತು ಎಂಬುದೂ ಅರಿವಾದೀತು.

ಆ ಮೇ ಮತ್ತು ಜೂನ್ ತಿಂಗಳುಗಳಲ್ಲಿ ನಡೆದ ರಾಜತಾಂತ್ರಿಕ ಓಡಾಟವನ್ನು ಗಮನಿಸಬೇಕು. ಕಾಲೂಚಕ್ ಘಟನೆ ನಡೆದಾಗ ಅಮೆರಿಕದ ಸಹಾಯಕ ವಿದೇಶಾಂಗ ಕಾರ್ಯದರ್ಶಿ ಕ್ರಿಸ್ಟಿನಾ ರೋಕಾ ಈ ಭಾಗದಲ್ಲಿಯೇ ಇದ್ದರು. ಮೇ ಕೊನೆಯ ವಾರ ಬ್ರಿಟನಿನ ವಿದೇಶಾಂಗ ಸಚಿವ ಜ್ಯಾಕ್ ಸ್ಟ್ರಾ ಇಸ್ಲಾಮಾಬಾದ್ ಮತ್ತು ದಿಲ್ಲಿಗೆ ಬಂದರು. ಜೂನ್ ಮೊದಲ ವಾರ ಕಝಾಕಸ್ತಾನದ ಅಲ್ಮಾಟಿಯ ಸಮಾವೇಶದಲ್ಲಿ ರಷ್ಯಾದ ಅಧ್ಯಕ್ಷ ಪುಟಿನ್ ಇಬ್ಬರೂ ನಾಯಕರನ್ನು ಮಾತಿಗೆ ಕೂರಿಸಲು ಯತ್ನಿಸಿದರು. ಜೂನ್ 6ರಂದು ಅಮೆರಿಕದ ವಿದೇಶಾಂಗ ಉಪಕಾರ್ಯದರ್ಶಿ ರಿಚರ್ಡ್ ಆರ್ಮಿಟೇಜ್ ಇಸ್ಲಾಮಾಬಾದಿಗೆ ಹೋಗಿ, ಗಡಿಯಾಚೆಗಿನ ನುಸುಳುವಿಕೆಯನ್ನು ಶಾಶ್ವತವಾಗಿ ನಿಲ್ಲಿಸುವ ಭರವಸೆಯನ್ನು ಜನರಲ್ ಪರ್ವೇಝ್ ಮುಶರ್ರಫ್‌ರಿಂದ ಪಡೆದರು. ಮರುದಿನ ಅದನ್ನು ದಿಲ್ಲಿಗೆ ತಲುಪಿಸಿದರು. ಜೂನ್ 10ರಂದು ಪಾಕಿಸ್ತಾನದ ವಿಮಾನಗಳ ಮೇಲಿದ್ದ ವಾಯುಮಾರ್ಗ ನಿರ್ಬಂಧವನ್ನು ಭಾರತ ತೆರವುಗೊಳಿಸಿತು. ಅದರ ಬೆನ್ನಿಗೇ ಯುದ್ಧನೌಕೆಗಳು ಹಿಂದೆ ಸರಿದವು. ಬಳಿಕ ಅಮೆರಿಕದ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಬಂದುಹೋದರು. ಅಕ್ಟೋಬರ್ 16ರಂದು ಗಡಿಯಿಂದ ಪಡೆಗಳನ್ನು ಹಿಂತೆಗೆಯುವ ತೀರ್ಮಾನವನ್ನು ಕೇಂದ್ರ ಸರಕಾರ ಕೈಗೊಂಡಿತು.

ಇಲ್ಲಿ ಮಿತ್ರನು ಬರಿಗೈಯಲ್ಲಿ ಬಂದು ಉಪದೇಶ ಹೇಳಿ ಹೋಗಲಿಲ್ಲ ಎಂಬುದನ್ನು ನಾವು ಮನಗಾಣಬೇಕು. ಸಂಯಮ ವಹಿಸಿರಿ ಎಂದು ದಿಲ್ಲಿಗೆ ಹೇಳುವ ಮೊದಲು, ದಿಲ್ಲಿಯ ದೂರು ಯಾವುದೋ ಅದರ ಬಗ್ಗೆ ಎದುರು ಪಕ್ಷದಿಂದ ಮಾತು ತೆಗೆದುಕೊಳ್ಳಲಾಯಿತು. ಮುಖ ಉಳಿಸಿಕೊಂಡು ಹಿಂದೆ ಸರಿಯುವ ದಾರಿಯೊಂದನ್ನು ತೆರೆಯಲಾಯಿತು. ಯುದ್ಧಕ್ಕಿಳಿದರೆ ತೆರಬೇಕಾದ ಬೆಲೆಯೇನು ಎಂಬುದನ್ನೂ ಕಾಣಿಸಲಾಯಿತು. ಮೇ 31ರ ಸೂಚನೆಯು ನಿಜವಾದ ಭಯದಿಂದ ಹುಟ್ಟಿದ್ದೋ ಒತ್ತಡದ ತಂತ್ರವೋ ಎಂಬ ಚರ್ಚೆ ಅಂದೇ ನಡೆದಿತ್ತು. ಉದ್ದೇಶ ಏನೇ ಇರಲಿ, ಫಲ ಒಂದೇ ಆಗಿತ್ತು. ಅಮೆರಿಕಕ್ಕೆ ಇದರಲ್ಲಿ ಸ್ವಾರ್ಥವಿರಲಿಲ್ಲ ಎಂದೂ ನಾವು ಹೇಳಲಾರೆವು. ಅಫ್ಘಾನಿಸ್ತಾನದ ಕಾರ್ಯಾಚರಣೆಗಾಗಿ ಅದರ ಸೈನಿಕರು ಪಾಕಿಸ್ತಾನದ ನೆಲೆಗಳಲ್ಲಿದ್ದರು. ಪಾಕಿಸ್ತಾನದ ಸೇನೆಯು ಪಶ್ಚಿಮದ ಗಡಿ ಬಿಟ್ಟು ಪೂರ್ವಕ್ಕೆ ಬರುವುದು ಅಮೆರಿಕಕ್ಕೆ ಬೇಕಿರಲಿಲ್ಲ. ಸ್ವಾರ್ಥದಿಂದ ಬಂದ ಸಲಹೆಯೂ ಪ್ರಾಣಗಳನ್ನು ಉಳಿಸಬಲ್ಲದು ಎಂಬುದಕ್ಕೆ ಆ ಬೇಸಿಗೆಯೇ ಸಾಕ್ಷಿ.

ಈ ಕಥೆಯಲ್ಲಿ ಬೆಂಗಳೂರಿನ ಪಾತ್ರವನ್ನು ಜಗತ್ತಿಗೆ ಹೇಳಿದವರು ನ್ಯೂಯಾರ್ಕ್ ಟೈಮ್ಸ್ ಅಂಕಣಕಾರ ಥಾಮಸ್ ಫ್ರೀಡ್‌ಮನ್. 2002ರ ಆಗಸ್ಟ್ ತಿಂಗಳ ಅಂಕಣದಲ್ಲಿ ಅವರು ವಿಪ್ರೋ ಸಂಸ್ಥೆಯ ಆಗಿನ ಉಪಾಧ್ಯಕ್ಷ ವಿವೇಕ್ ಪಾಲ್ ಹೇಳಿದ ಸಂಗತಿಯೊಂದನ್ನು ಬರೆದರು. ಅಮೆರಿಕದ ದೊಡ್ಡ ಗಿರಾಕಿಯೊಬ್ಬರು, ತಾವು ಭಾರತಕ್ಕೆ ಬದಲಿ ದೇಶವನ್ನು ಹುಡುಕುವುದರಲ್ಲಿ ತೊಡಗಿದ್ದೇವೆಂದೂ ಅದು ಇಬ್ಬರಿಗೂ ಇಷ್ಟದ ಕೆಲಸವಲ್ಲವೆಂದೂ ಇ-ಮೇಲ್ ಕಳುಹಿಸಿದ್ದರಂತೆ. ಆ ಪತ್ರವನ್ನು ವಾಷಿಂಗ್ಟನ್ನಿನಲ್ಲಿದ್ದ ಭಾರತದ ರಾಯಭಾರಿಗೆ ತಲುಪಿಸಲಾಯಿತು. ಯುದ್ಧದ ಮಾತಿನಿಂದಲೇ ಆಗುತ್ತಿರುವ ನಷ್ಟವನ್ನು ಉದ್ಯಮಿಗಳು ಸರಕಾರದ ಕಿವಿಗೆ ಹಾಕಿದರು. ಯುದ್ಧವನ್ನು ತಡೆದ ಯಶಸ್ಸಿನಲ್ಲಿ ಅಮೆರಿಕದ ಮಂತ್ರಿಗಳಿಗಿಂತ ಈ ಕಂಪೆನಿಗಳ ಪಾಲೇ ಹೆಚ್ಚು ಎಂಬುದು ಫ್ರೀಡ್‌ಮನ್ನರ ಅಭಿಪ್ರಾಯವಾಗಿತ್ತು.

ಈ ಅಭಿಪ್ರಾಯವನ್ನು ಪೂರ್ತಿಯಾಗಿ ಒಪ್ಪಲು ನಮಗೆ ಸಾಧ್ಯವಾಗುವುದಿಲ್ಲ. ಪರಮಾಣು ಅಸ್ತ್ರಗಳ ಭಯವಿತ್ತು. ಸೇನೆಯನ್ನು ಗಡಿಗೆ ಸಾಗಿಸಲು ವಾರಗಳೇ ಹಿಡಿದುದರಿಂದ ಹಠಾತ್ ದಾಳಿಯ ಅವಕಾಶ ಆಗಲೇ ಕೈತಪ್ಪಿತ್ತು. ಆರ್ಮಿಟೇಜ್ ತಂದ ಭರವಸೆಯಿತ್ತು. ಆದರೂ ಬೆಂಗಳೂರಿನ ಹೊರವಲಯದಿಂದ ಹೊರಟ ಆ ಪತ್ರಗಳಿಗೆ ತೂಕವಿರಲಿಲ್ಲ ಎನ್ನುವಂತಿಲ್ಲ. ದಿಲ್ಲಿಯ ಯುದ್ಧೋತ್ಸಾಹದ ನಡುವೆ ನಷ್ಟದ ಲೆಕ್ಕವನ್ನು ಮೇಜಿನ ಮೇಲಿಡುವ ಧೈರ್ಯವನ್ನು ಅವು ತೋರಿದವು. ಅದಕ್ಕಾಗಿ ಆ ಉದ್ಯಮಿಗಳನ್ನು ನಾವು ಅಭಿನಂದಿಸುತ್ತೇವೆ.

ಯುದ್ಧ ತಪ್ಪಿದುದರಿಂದ ದೇಶಕ್ಕೆ ಲಭಿಸಿದ್ದೇನು? ಮುಶರ್ರಫ್‌ರ ಭರವಸೆ ಪೂರ್ಣವಾಗಿ ಈಡೇರಲಿಲ್ಲವೆಂಬುದು ನಿಜ. ಆದರೆ 2003ರ ನವೆಂಬರ್ 26ರಂದು, ಈದುಲ್ ಫಿತ್ರ್‌ನ ದಿನ, ನಿಯಂತ್ರಣ ರೇಖೆಯಲ್ಲಿ ಕದನವಿರಾಮ ಜಾರಿಗೆ ಬಂತು. 2004ರ ಜನವರಿಯಲ್ಲಿ ಅದೇ ವಾಜಪೇಯಿ ಇಸ್ಲಾಮಾಬಾದಿಗೆ ಹೋಗಿ ಅದೇ ಮುಶರ್ರಫ್‌ರ ಜೊತೆ ಜಂಟಿ ಹೇಳಿಕೆ ನೀಡಿದರು. 2005ರ ಏಪ್ರಿಲ್‌ನಲ್ಲಿ ಶ್ರೀನಗರ ಮತ್ತು ಮುಝಫ್ಫರಾಬಾದ್ ನಡುವೆ ಬಸ್ಸು ಓಡಿತು. ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಒಬ್ಬರನ್ನೊಬ್ಬರು ಕಾಣದ ಕುಟುಂಬಗಳು ಪರಸ್ಪರ ಭೇಟಿಯಾದವು. ಆ ಬಸ್ಸಿನ ದಾರಿಯನ್ನು ತೆರೆದದ್ದು 2002ರಲ್ಲಿ ನಡೆಯದೇ ಹೋದ ಯುದ್ಧ.

ಈಗ ರಫಾದ ಕಡೆಗೆ ನೋಡೋಣ. 2024ರ ಆರಂಭದಲ್ಲಿ ಗಾಝಾದ ಜನಸಂಖ್ಯೆಯ ಅರ್ಧಕ್ಕೂ ಹೆಚ್ಚು ಮಂದಿ, ಅಂದರೆ ಸುಮಾರು 14 ಲಕ್ಷ ಜನ, ಈಜಿಪ್ಟಿನ ಗಡಿಗೆ ಅಂಟಿಕೊಂಡಿರುವ ರಫಾದಲ್ಲಿ ಡೇರೆ ಹಾಕಿಕೊಂಡಿದ್ದರು. ಉತ್ತರದಿಂದ ದಕ್ಷಿಣಕ್ಕೆ ಹೋಗಿರಿ ಎಂದು ಇಸ್ರೇಲ್ ಸೇನೆಯೇ ಅವರನ್ನು ಅಟ್ಟಿತ್ತು. ಅಲ್ಲಿಗೂ ಭೂಸೇನೆಯನ್ನು ನುಗ್ಗಿಸುವುದಾಗಿ ಪ್ರಧಾನಿ ನೆತನ್ಯಾಹು ಘೋಷಿಸಿದಾಗ ಅಮೆರಿಕ ಆಕ್ಷೇಪಿಸಿತು. ಮಾರ್ಚ್ ತಿಂಗಳಲ್ಲಿ ಅಧ್ಯಕ್ಷ ಜೋ ಬೈಡನ್ ರಫಾವನ್ನು ‘ಕೆಂಪು ಗೆರೆ’ ಎಂದು ಕರೆದರು. ಭೂದಾಳಿಗೆ ಪರ್ಯಾಯಗಳನ್ನು ಚರ್ಚಿಸಲು ನಿಯೋಗವನ್ನು ಕಳುಹಿಸುವಂತೆ ಕೇಳಿದರು. ಮಾರ್ಚ್ 25ರಂದು ಭದ್ರತಾ ಮಂಡಳಿಯಲ್ಲಿ ಕದನವಿರಾಮದ ಠರಾವಿಗೆ ಅಮೆರಿಕ ವೀಟೋ ಚಲಾಯಿಸದೆ ತಟಸ್ಥವಾಗಿ ಉಳಿಯಿತು. ಅದಕ್ಕೆ ಮುನಿದು ನೆತನ್ಯಾಹು ನಿಯೋಗವನ್ನೇ ರದ್ದುಪಡಿಸಿದರು. ಬಳಿಕ ಏಪ್ರಿಲ್‌ನಲ್ಲಿ ಪರದೆಯ ಮೇಲೆ ಮಾತುಕತೆಗಳು ನಡೆದವು.

ಇಲ್ಲಿಯವರೆಗೆ 2002ಕ್ಕೂ 2024ಕ್ಕೂ ಹೆಚ್ಚಿನ ಅಂತರ ಕಾಣುವುದಿಲ್ಲ. ಆದರೆ ಏಪ್ರಿಲ್ 24ರಂದು ಏನಾಯಿತು? ಇಸ್ರೇಲಿಗೆ ಶತಕೋಟಿಗಟ್ಟಲೆ ಡಾಲರುಗಳ ಮಿಲಿಟರಿ ನೆರವನ್ನು ಒಳಗೊಂಡ ಮಸೂದೆಗೆ ಅದೇ ಬೈಡನ್ ಸಹಿ ಹಾಕಿದರು. ಮೇ ತಿಂಗಳ ಆರಂಭದಲ್ಲಿ ಸುಮಾರು 3,500 ಬಾಂಬುಗಳ ಒಂದು ಸಾಗಣೆಯನ್ನು ತಡೆಹಿಡಿದದ್ದು ನಿಜ. ಆದರೆ ಉಳಿದ ಶಸ್ತ್ರಗಳ ಸರಬರಾಜು ನಿಲ್ಲಲಿಲ್ಲ. ಮೇ 7ರಂದು ಇಸ್ರೇಲಿನ ಟ್ಯಾಂಕುಗಳು ರಫಾದ ಗಡಿದ್ವಾರವನ್ನು ವಶಪಡಿಸಿಕೊಂಡವು. ಮೇ 24ರಂದು ಅಂತಾರಾಷ್ಟ್ರೀಯ ನ್ಯಾಯಾಲಯವು ರಫಾ ಕಾರ್ಯಾಚರಣೆಯನ್ನು ನಿಲ್ಲಿಸುವಂತೆ ಆದೇಶಿಸಿತು. ಎರಡೇ ದಿನಗಳ ನಂತರ ತಲ್ ಅಸ್ಸುಲ್ತಾನ್‌ನ ಡೇರೆಗಳ ಮೇಲೆ ಬಾಂಬು ಬಿದ್ದು ಕನಿಷ್ಠ 45 ಮಂದಿ ಸತ್ತರು. ಕೆಂಪು ಗೆರೆಯನ್ನು ಇನ್ನೂ ದಾಟಿಲ್ಲ ಎಂದು ವಾಷಿಂಗ್ಟನ್ ಹೇಳಿತು. ಅಷ್ಟು ಹೊತ್ತಿಗೆ ಸುಮಾರು ಹತ್ತು ಲಕ್ಷ ಜನ ರಫಾದಿಂದ ಮತ್ತೊಮ್ಮೆ ಗಂಟುಮೂಟೆ ಕಟ್ಟಿ ಹೊರಟಾಗಿತ್ತು. ಗೆರೆಯನ್ನು ಎಳೆದವನೇ ಅದನ್ನು ಒರೆಸುತ್ತಾ ಹೋದರೆ ದಾಟುವವನಿಗೆ ಅಡ್ಡಿಯೇನು?

ಅಮೆರಿಕಕ್ಕೆ ತನ್ನ ಮಿತ್ರನನ್ನು ತಡೆಯುವ ಶಕ್ತಿಯೇ ಇಲ್ಲ ಎಂದು ಕೆಲವರು ವಾದಿಸುತ್ತಾರೆ. ಇತಿಹಾಸ ಬೇರೆಯೇ ಹೇಳುತ್ತದೆ. 1956ರಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಇಸ್ರೇಲ್ ಸೇರಿ ಸುಯೆಜ್ ಕಾಲುವೆಗಾಗಿ ಈಜಿಪ್ಟಿನ ಮೇಲೆ ದಾಳಿ ನಡೆಸಿದಾಗ, ಅಧ್ಯಕ್ಷ ಐಸೆನ್‌ಹೋವರ್ ಕುಸಿಯುತ್ತಿದ್ದ ಬ್ರಿಟನಿನ ಪೌಂಡಿಗೆ ಆಸರೆ ನೀಡಲು ನಿರಾಕರಿಸಿದರು. ಅದೇ ವರ್ಷದ ಡಿಸೆಂಬರ್‌ನೊಳಗೆ ಬ್ರಿಟನ್ ಮತ್ತು ಫ್ರಾನ್ಸಿನ ಸೈನಿಕರು ಹಿಂದಿರುಗಿದರು. 1957ರ ಮಾರ್ಚ್‌ನಲ್ಲಿ ಇಸ್ರೇಲ್ ಸಿನಾಯಿಯನ್ನು ಮಾತ್ರವಲ್ಲ, ಇದೇ ಗಾಝಾವನ್ನೂ ಬಿಟ್ಟು ಹೋಯಿತು. 1991ರ ಕೊಲ್ಲಿ ಯುದ್ಧದಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಗಳು ಇಸ್ರೇಲಿನ ನಗರಗಳ ಮೇಲೆ ಬಿದ್ದಾಗಲೂ, ಅಮೆರಿಕ ತನ್ನ ಹಿರಿಯ ರಾಜತಂತ್ರಜ್ಞ ಲಾರೆನ್ಸ್ ಈಗಲ್‌ಬರ್ಗರ್‌ರನ್ನೂ ಕ್ಷಿಪಣಿ ನಿರೋಧಕ ವ್ಯವಸ್ಥೆಯನ್ನೂ ಕಳುಹಿಸಿತು, ಆದರೆ ಇರಾಕಿನ ಆಕಾಶದಲ್ಲಿ ಮಿತ್ರಪಡೆಗಳ ವಿಮಾನಗಳ ನಡುವೆ ಹಾರಲು ಅಗತ್ಯವಾದ ಗುರುತಿನ ಸಂಕೇತಗಳನ್ನು ಕೊಡಲಿಲ್ಲ. ಇಸ್ರೇಲ್ ಕೈಕಟ್ಟಿ ಕುಳಿತಿತು. ತಡೆಯುವ ಶಕ್ತಿ ಅಂದೂ ಇತ್ತು, 2024ರಲ್ಲಿಯೂ ಇತ್ತು. ಏನನ್ನಾದರೂ ಬಿಟ್ಟುಕೊಡುವ ಸಿದ್ಧತೆ ಇರಲಿಲ್ಲ.

ಮಿತ್ರನ ಸಲಹೆಯ ತೂಕವು ಆ ಸಲಹೆಗಾಗಿ ಅವನು ಏನನ್ನು ಕಳೆದುಕೊಳ್ಳಲು ತಯಾರಿದ್ದಾನೆ ಎಂಬುದರಲ್ಲಿದೆ. ಅನ್ಯಾಯಕ್ಕೆ ಹೊರಟ ಸಹೋದರನ ಕೈ ತಡೆಯುವುದೇ ಅವನಿಗೆ ಮಾಡುವ ಸಹಾಯ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಮ್ಮ ಓದುಗರು ಬಲ್ಲರು. ಕೈ ತಡೆಯಬೇಕಾದರೆ ಕೈ ಚಾಚಬೇಕು. ಒಂದು ಕೈಯಲ್ಲಿ ಖಡ್ಗವನ್ನು ಕೊಟ್ಟು, ಇನ್ನೊಂದು ಕೈಯ ಬೆರಳೆತ್ತಿ ಎಚ್ಚರಿಸುವುದು ಮಿತ್ರಧರ್ಮವಲ್ಲ. ಅದರಿಂದ ಎಚ್ಚರಿಸಿದವನ ಆತ್ಮಸಾಕ್ಷಿಗೆ ಸಮಾಧಾನವಾದೀತೇ ಹೊರತು ಡೇರೆಯೊಳಗಿನ ಮಗುವಿಗೆ ಏನೂ ಆಗದು.

ಇನ್ನೊಂದು ಕಹಿ ಸತ್ಯವನ್ನೂ ಹೇಳದೆ ನಾವು ಮುಂದೆ ಹೋಗಲಾರೆವು. 2002ರಲ್ಲಿ ಬೆಂಗಳೂರಿನ ಮಾತಿಗೆ ಬೆಲೆ ಬಂದದ್ದು ಬೆಂಗಳೂರಿಗೆ ಗಿರಾಕಿಗಳಿದ್ದುದರಿಂದ. ರಫಾಕ್ಕೆ ಗಿರಾಕಿಗಳಿರಲಿಲ್ಲ. ಅಲ್ಲಿ ಬೆಳಕು ಆರಿದರೆ ನ್ಯೂಯಾರ್ಕಿನ ಯಾವ ಬ್ಯಾಂಕಿನ ಲೆಕ್ಕವೂ ನಿಲ್ಲುವುದಿಲ್ಲ. ವ್ಯಾಪಾರದ ನಂಟು ಯುದ್ಧವನ್ನು ತಡೆಯುತ್ತದೆ ಎಂಬ ಮಾತು ಕೇಳಲು ಹಿತವಾಗಿದೆ. ಆದರೆ ಆ ಶಾಂತಿಯು ಮಾರುಕಟ್ಟೆಯೊಳಗೆ ಇರುವವರನ್ನಷ್ಟೇ ಕಾಯುತ್ತದೆ. ಜಗತ್ತಿಗೆ ಮಾರಲು ಏನೂ ಇಲ್ಲದವರ ಪ್ರಾಣಕ್ಕೆ ಯಾವ ಒಪ್ಪಂದವೂ ಕಾವಲಿಲ್ಲ.

ಇದು ದೂರದ ಗಾಝಾದ ಮಾತು ಮಾತ್ರವೇ? ನಮ್ಮಲ್ಲಿಯೂ ‘ಪರಾಕ್ರಮ್’ನ ಹತ್ತು ತಿಂಗಳುಗಳಲ್ಲಿ ಯುದ್ಧ ನಡೆಯದಿದ್ದರೂ ನೂರಾರು ಸೈನಿಕರು ಪ್ರಾಣ ತೆತ್ತರು. ಅವರಲ್ಲಿ ಅನೇಕರು ನೆಲಬಾಂಬುಗಳನ್ನು ಹೂಳುವಾಗ ಮತ್ತು ತೆಗೆಯುವಾಗ ಸತ್ತವರು. ಪಂಜಾಬ್, ರಾಜಸ್ಥಾನ ಮತ್ತು ಜಮ್ಮುವಿನ ಗಡಿಹಳ್ಳಿಗಳ ರೈತರ ಹೊಲಗಳಲ್ಲಿ ಪೈರಿನ ಬದಲು ಲಕ್ಷಗಟ್ಟಲೆ ನೆಲಬಾಂಬುಗಳಿದ್ದವು. ಅವರ ಪರವಾಗಿ ಯಾವ ಗಿರಾಕಿ ಇ-ಮೇಲ್ ಬರೆದ? ವೈಟ್‌ಫೀಲ್ಡಿನ ಟೆಕ್ ಪಾರ್ಕುಗಳ ದ್ವಾರದಲ್ಲಿ ನಿಂತು ವಾಹನಗಳನ್ನು ತಪಾಸಣೆ ಮಾಡುವ ಕಾವಲುಗಾರರಲ್ಲಿ ಮಾಜಿ ಸೈನಿಕರು ಎಷ್ಟೋ ಮಂದಿ ಇದ್ದಾರೆ. ಪೀಣ್ಯದ ಶೆಡ್ಡುಗಳಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವ ಕಾರ್ಮಿಕನ ಅಣ್ಣನೋ ತಮ್ಮನೋ ಗಡಿಯಲ್ಲಿರುತ್ತಾನೆ. ಯುದ್ಧವೆಂದರೆ ಏನೆಂದು ನಿಜವಾಗಿ ಬಲ್ಲವರು ಇವರು. ಆದರೆ ಯುದ್ಧ ಬೇಕೋ ಬೇಡವೋ ಎಂದು ಇವರನ್ನು ಕೇಳಿದವರಿಲ್ಲ.

ಕೇಳದೆಯೇ ಹೇಳಿದರೆ ಏನಾಗುತ್ತದೆ ಎಂಬುದೂ ನಮಗೆ ತಿಳಿದಿದೆ. ಎಲೆಕ್ಟ್ರಾನಿಕ್ ಸಿಟಿಯಿಂದ ‘ಯುದ್ಧ ಬೇಡ’ ಎಂಬ ಮಾತು ಬಂದರೆ ಅದು ವ್ಯವಹಾರಜ್ಞಾನ ಎನಿಸಿಕೊಳ್ಳುತ್ತದೆ. ಅದೇ ಮಾತು ಕಾರ್ಮಿಕ ಸಭೆಯಿಂದಲೋ ಮಸೀದಿಯ ಅಂಗಳದಿಂದಲೋ ಬಂದರೆ ದೇಶನಿಷ್ಠೆಯ ಪ್ರಮಾಣಪತ್ರವನ್ನು ಕೇಳಲಾಗುತ್ತದೆ. 2002ರ ಆ ಬೇಸಿಗೆಯಲ್ಲಿ, ಗುಜರಾತಿನ ಗಾಯ ಇನ್ನೂ ಹಸಿಯಾಗಿದ್ದಾಗ, ಶಾಂತಿಯ ಮಾತನ್ನಾಡಲು ಸಮುದಾಯದ ನಾಯಕರು ಎರಡೆರಡು ಬಾರಿ ಯೋಚಿಸಬೇಕಿತ್ತು. ಒಂದೇ ಮಾತಿಗೆ, ಅದನ್ನು ಆಡಿದವರ ವಿಳಾಸವನ್ನು ನೋಡಿ ಎರಡು ಅರ್ಥ ಹಚ್ಚುವುದು ಯಾವ ನ್ಯಾಯ? ನಷ್ಟದ ಭಯದಿಂದ ಯುದ್ಧವನ್ನು ವಿರೋಧಿಸುವುದು ದೇಶಪ್ರೇಮವಾದರೆ, ಪ್ರಾಣದ ಕಾಳಜಿಯಿಂದ ವಿರೋಧಿಸುವುದು ಅದಕ್ಕಿಂತ ಕಡಿಮೆ ದೇಶಪ್ರೇಮವಾಗಲು ಸಾಧ್ಯವಿಲ್ಲ.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿ ಅಮಾಯಕರನ್ನು ಭಯೋತ್ಪಾದಕರು ಕೊಂದರು. ಸತ್ತವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಆ ಪಾತಕಕ್ಕೆ ಯಾವ ಸಮರ್ಥನೆಯೂ ಇಲ್ಲ, ಇರಕೂಡದು. ಮೇ 7ರಂದು ಭಾರತ ‘ಆಪರೇಷನ್ ಸಿಂಧೂರ’ ಆರಂಭಿಸಿತು. ಮೇ 10ರಂದು ಕದನ ನಿಂತಿತು. ನಿಲ್ಲಿಸಿದವರು ತಾವು ಎಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಹೇಳಿಕೊಂಡರು. ಎರಡೂ ಸೇನೆಗಳ ಅಧಿಕಾರಿಗಳ ನೇರ ಮಾತುಕತೆಯಿಂದ ನಿಂತಿತು ಎಂದು ನಮ್ಮ ಸರಕಾರ ಸ್ಪಷ್ಟಪಡಿಸಿತು. ಶ್ರೇಯಸ್ಸು ಯಾರಿಗೆ ಸಲ್ಲಬೇಕೆಂಬ ವಿವಾದಕ್ಕಿಂತ ನಮಗೆ ಮುಖ್ಯವಾದುದು, ಭೂಸೇನೆಗಳು ಗಡಿ ದಾಟುವ ಮೊದಲೇ ಕದನ ನಿಂತಿತು ಎಂಬುದು. ಆದರೆ ಆ ನಾಲ್ಕು ದಿನಗಳಲ್ಲಿಯೇ ಪೂಂಛ್ ಪಟ್ಟಣದ ಮನೆಗಳ ಮೇಲೆ ಪಾಕಿಸ್ತಾನದ ಶೆಲ್ಲುಗಳು ಬಿದ್ದು ಮಕ್ಕಳೂ ಸತ್ತರು. ನಾಲ್ಕು ದಿನಗಳು ನಲವತ್ತಾಗಿದ್ದರೆ?

ಆದ್ದರಿಂದ ನಮ್ಮ ಮನವಿ ಮೂರು ಕಡೆಗಿದೆ. ಮೊದಲನೆಯದು ನಮ್ಮ ಸರಕಾರಕ್ಕೆ. 2002ರಲ್ಲಿ ಮಿತ್ರರ ಮಾತಿಗೆ ಕಿವಿಗೊಟ್ಟು ಭಾರತ ಸಣ್ಣದಾಗಲಿಲ್ಲ. ಇಂದು ಇಸ್ರೇಲ್ ಭಾರತದ ಮಿತ್ರ. ಅದರಿಂದ ನಾವು ಶಸ್ತ್ರಗಳನ್ನು ಕೊಳ್ಳುತ್ತೇವೆ. ಫೆಲೆಸ್ತೀನನ್ನು 1988ರಲ್ಲಿಯೇ ದೇಶವಾಗಿ ಮಾನ್ಯ ಮಾಡಿದವರೂ ನಾವೇ. 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಕದನವಿರಾಮದ ಪರವಾಗಿ ಮತ ನೀಡಿದ ಭಾರತ, 2025ರ ಜೂನ್‌ನಲ್ಲಿ ಅಂತಹುದೇ ಠರಾವಿನ ಮೇಲೆ ತಟಸ್ಥವಾಯಿತು. ಕೊಳ್ಳುವವನ ಮಾತಿಗೆ ಮಾರುವವನು ಕಿವಿಗೊಡಲೇಬೇಕಾಗುತ್ತದೆ. ಆ ಮಾತನ್ನು ಆಡುವ ಸ್ಥಾನದಲ್ಲಿದ್ದೂ ಮೌನವಾಗಿರುವುದು ನಮ್ಮ ಪರಂಪರೆಗೆ ಶೋಭಿಸುವುದಿಲ್ಲ.

ಎರಡನೆಯದು ಬೆಂಗಳೂರಿನ ಉದ್ಯಮಕ್ಕೆ. 2002ರಲ್ಲಿ ನಿಮ್ಮ ಮಾತಿನ ಬಲವನ್ನು ನೀವೇ ಕಂಡಿರಿ. ಆ ಬಲವನ್ನು ಒಪ್ಪಂದಗಳಿಗೆ ಕುತ್ತು ಬಂದಾಗ ಮಾತ್ರ ಬಳಸಬೇಡಿರಿ. ಮುಂದೊಮ್ಮೆ ಗಡಿಯಲ್ಲಿ ಪಡೆಗಳು ಜಮಾಯಿಸಿದಾಗ ನೀವು ದಿಲ್ಲಿಗೆ ಬರೆಯುವ ಪತ್ರದಲ್ಲಿ ಗಿರಾಕಿಯ ಆತಂಕದ ಜೊತೆಗೆ, ನಿಮ್ಮ ದ್ವಾರಪಾಲಕನ ಊರಿನ ಆತಂಕಕ್ಕೂ ಎರಡು ಸಾಲು ಇರಲಿ.

ಮೂರನೆಯದು ನಮ್ಮ ಓದುಗರಿಗೆ, ವಿಶೇಷವಾಗಿ ಆ ಕಟ್ಟಡಗಳಲ್ಲಿಯೂ ಶೆಡ್ಡುಗಳಲ್ಲಿಯೂ ದುಡಿಯುತ್ತಿರುವ ಯುವಜನರಿಗೆ. ಟಿವಿ ಸ್ಟುಡಿಯೋಗಳಲ್ಲಿ ಕುಳಿತು ಸೇನೆಯನ್ನು ಲಾಹೋರಿಗೋ ರಫಾಕ್ಕೋ ಕಳುಹಿಸುವವರು ಯಾರೂ ತಮ್ಮ ಮಕ್ಕಳನ್ನು ಕಳುಹಿಸುವವರಲ್ಲ. ಭಯೋತ್ಪಾದನೆಯನ್ನು ಖಂಡಿಸುವಷ್ಟೇ ಸ್ಪಷ್ಟವಾಗಿ ಯುದ್ಧೋನ್ಮಾದವನ್ನೂ ಖಂಡಿಸಿರಿ. ಪ್ರಮಾಣಪತ್ರ ಕೇಳುವವರಿಗೆ ಹೆದರಿ ಮಾತನ್ನು ನುಂಗಬೇಡಿರಿ. ಈ ದೇಶವು ನಿಮ್ಮದು. ಅದರ ಸೈನಿಕರು ನಿಮ್ಮವರು. ಅವರು ಮನೆಗೆ ಜೀವಂತವಾಗಿ ಮರಳಬೇಕೆಂದು ಹೇಳಲು ನಿಮಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.